ಅಬ್ಬಾನ ಅಂಗಿ

ಅಬ್ಬಾನ ಅಂಗಿ ಇಲ್ಲದಿದ್ದರೆ ದಿಲನಾಜಳಿಗೆ ನಿದ್ದೆಯೇ ಬರುತ್ತಿರಲಿಲ್ಲ. ಒಗೆದ ಅಂಗಿ ನಡೆಯದು, ಆ ದಿನ ಅಪ್ಪ ಮೈಮೇಲೆ ಹಾಕಿಕೊಂಡದ್ದೇ ಬೇಕು. ಅಪ್ಪನ ಬೆವರಿನ ವಾಸನೆ ಇದ್ದರೆ ಮಗು ಬೆಚ್ಚಿ ಬೀಳುವುದಿಲ್ಲ ಎಂದು ವಿಜಯಪುರದ ಕಡೆಯ ಅತ್ತೆ ಮಗುವಿನ ತಾಯಿ ಗುಲಶನಳಿಗೆ ಹೇಳಿಕೊಟ್ಟಿದ್ದರು. ಅವರ ಕಾಲಕ್ಕೆ ಅಂಗಿಗೆ ಹತ್ತುತ್ತಿದ್ದದ್ದು ಹೊಲದ ಮಣ್ಣು. ಗುಲಶನಳ ಗಂಡ ಉಸ್ಮಾನನಿಗೆ ಮುಂಬೈಯ ವಡಾಲದಲ್ಲಿ ಹಳೆಯ ಬ್ಯಾಟರಿ ಒಡೆದು ಒಳಗಿನ ಸೀಸದ ತಗಡು ತೆಗೆಯುವ ಕೆಲಸ. ಆ ಅಂಗಿಯ ತೋಳು ಚೀಪುತ್ತ ಒಂದೂವರೆ ವರ್ಷದ ಮಗಳು ಮಲಗುತ್ತಿದ್ದಳು. ನೋಡಿದವರಿಗೆ ಮುದ್ದು ಉಕ್ಕುತ್ತಿತ್ತು.

ಲಸಿಕೆ ಹಾಕಿಸಲು ಸಯನ್ ಆಸ್ಪತ್ರೆಗೆ ಹೋದ ದಿನ ಮಕ್ಕಳ ಡಾಕ್ಟರ್ ಶೀಲಾವತಿ ತೂಕ ನೋಡಿದರು, ಚೆನ್ನಾಗಿದೆ ಎಂದರು. ಮಾತಿನ ನಡುವೆ ಮಗುವಿನ ತಂದೆಯ ಕೆಲಸ ಏನೆಂದು ಕೇಳಿದರು. ಬ್ಯಾಟರಿ ಎಂದೊಡನೆ ಅವರ ಮುಖ ಗಂಭೀರವಾಯಿತು. ರಕ್ತದಲ್ಲಿ ಸೀಸ ಎಷ್ಟಿದೆ ನೋಡಿಸೋಣ ಎಂದರು.

“ಕೂಸು ನಕ್ಕೋತ ಆಡ್ಕೋತನ ಇರ್ತದವ್ವ. ಒಳಗ ಮಿದುಳಿಗೆ ಪೆಟ್ಟು ಬೀಳ್ತಿರ್ತದ. ಮುಂದ ಮಾತು, ಓದು ಎಲ್ಲಾ ಹಿಂದ ಬೀಳ್ತಾವ. ರಕ್ತ ನೋಡಿದ್ರನ ಗೊತ್ತಾಗೋದು.”

ಗುಲಶನ ಗಂಡನನ್ನು ಕೇಳಿ ಬರುತ್ತೇನೆಂದು ಮಗುವನ್ನೆತ್ತಿಕೊಂಡು ಮನೆಗೆ ಬಂದುಬಿಟ್ಟಳು. ಸಂಜೆ ಉಸ್ಮಾನ ಕೇಳಿ ಸಿಡುಕಿದ.

“ಆಡೋ ಕೂಸಿಗಿ ಸೂಜಿ ಯಾಕ ಚುಚ್ಚಬೇಕು? ನಾ ಇಷ್ಟ್ ವರ್ಷ ಅದರಾಗನ ಅದೀನಿ, ನನಗೇನಾಗ್ಯಾದ?”

ಕೆಲಸಕ್ಕೇ ಕುತ್ತು ಬಂದೀತೆಂಬ ಹೆದರಿಕೆ ಅವನಿಗೆ. ಅದು ಗುಲಶನಳಿಗೂ ಗೊತ್ತಿತ್ತು. ಆದರೆ ಮಗಳು ತೋಳು ಬಾಯಿಗಿಟ್ಟುಕೊಂಡಾಗ ತಡೆಯಲಾಗದೆ ಕಿತ್ತುಕೊಂಡಳು. ದಿಲನಾಜ ಇಡೀ ಚಾಳು ಕೇಳುವಂತೆ ಚೀರಿದಳು. ಕೊನೆಗೆ ತಾಯಿಯೇ ಸೋತು ಅಂಗಿಯನ್ನು ಮತ್ತೆ ಕೊಟ್ಟಳು.

ಮರುದಿನ ಪಕ್ಕದ ಖೋಲಿಯ ಶಿವಕುಮಾರಿಯ ಮುಂದೆ ಎಲ್ಲ ತೋಡಿಕೊಂಡಳು. ಶಿವಕುಮಾರಿ ನೇರ ಮಾತಿನ ಹೆಂಗಸು.

“ರಿಪೋರ್ಟ್ ಚಲೋ ಬಂದ್ರ ನಿನ್ನ ಚಿಂತಿ ಹೋಗ್ತದ. ಕೆಟ್ಟ ಬಂದ್ರ ಈಗರ ಕೂಸಿನ್ನ ಕಾಯಬಹುದು. ಇದರಾಗ ಲುಕ್ಸಾನ ಏನೈತಿ? ನಡಿ, ನಾನೂ ಬರ್ತೀನಿ.”

ಇಬ್ಬರೂ ಮಗುವನ್ನು ಕರೆದೊಯ್ದು ರಕ್ತ ಕೊಟ್ಟು ಬಂದರು. ರಿಪೋರ್ಟ್ ಕೆಟ್ಟದ್ದೇ ಬಂತು. ಸೀಸ ಬಹಳ ಇತ್ತು. ಡಾಕ್ಟರು ಗಂಡ ಹೆಂಡತಿ ಇಬ್ಬರನ್ನೂ ಕರೆಸಿದರು. ಉಸ್ಮಾನ ತಲೆ ಎತ್ತಲಿಲ್ಲ. ಸೀಸ ಎಲ್ಲಿಂದ ಬಂತೆಂದು ತಿಳಿಯಲು, ಗೋಡೆಯ ಬಣ್ಣ ಉದುರುತ್ತದೆಯೇ, ಕಣ್ಣಿಗೆ ಸುರ್ಮಾ ಹಚ್ಚುತ್ತೀರಾ ಎಂದು ಡಾಕ್ಟರು ಒಂದೊಂದೇ ಕೇಳುತ್ತ ಹೋದರು. ಗುಲಶನಳಿಗೆ ಆಗಲೇ ಎಲ್ಲ ಹೊಳೆದಿತ್ತು. ಅಂಗಿಯ ವಿಷಯವನ್ನು ಅವಳೇ ಹೇಳಿದಳು.

“ನಾನ ಕೊಡ್ತಿದ್ನಿರಿ. ದಿನಾ ನನ್ನ ಕೈಯಾರೆ.”

ಗೊತ್ತಿಲ್ಲದೆ ಮಾಡಿದ್ದಕ್ಕೆ ಕೊರಗಬೇಡ ಎಂದರು ಡಾಕ್ಟರು. ಆದ ಪೆಟ್ಟೆಲ್ಲ ಮಾಯುತ್ತದೆಂದು ಅವರು ಸುಳ್ಳು ಭರವಸೆ ಕೊಡಲಿಲ್ಲ. ಇನ್ನು ಮುಂದಾದರೂ ಆಗದಂತೆ ತಡೆಯಬಹುದು ಎಂದರು. ಕೆಲಸದ ಜಾಗದಲ್ಲೇ ಸ್ನಾನ ಮಾಡಿ ಬೇರೆ ಬಟ್ಟೆ ಹಾಕಿಕೊಂಡು ಬರಬೇಕು. ಕೆಲಸದ ಬಟ್ಟೆ ಬೇರೆಯೇ ಒಗೆಯಬೇಕು, ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಉಣ್ಣುವ ಮುಂಚೆ ಮಗುವಿನ ಕೈ ತೊಳೆಯಬೇಕು, ಸೊಪ್ಪು, ಬೇಳೆ, ಹಾಲು ಕೊಡಬೇಕು. ಹೇಳಿದಾಗ ಬಂದು ಮತ್ತೆ ರಕ್ತ ತೋರಿಸಬೇಕು.

ಅಂದಿನಿಂದ ಉಸ್ಮಾನ ಬ್ಯಾಟರಿ ಅಂಗಡಿಯಲ್ಲೇ ಮೈತೊಳೆದು ಬರತೊಡಗಿದ, ಮಗಳಿಗೆ ಕೆಲಸದ ಅಂಗಿ ಕೊಡುವುದೂ ನಿಂತಿತು. ಒಂದು ಸಂಜೆ ಅಲ್ಲಿ ನೀರಿರಲಿಲ್ಲ. ಉಸ್ಮಾನ ಹಾಗೆಯೇ ಬಂದ. ದಿಲನಾಜ ಎರಡೂ ಕೈ ಚಾಚಿ ಬಾಗಿಲಿಗೆ ಓಡಿದಳು. ಅವನು ಹಿಂದೆ ಸರಿದ.

“ತಡಿ ಬೇಟಾ, ಮುಟ್ಟಬ್ಯಾಡ. ಅಬ್ಬಾ ಮೊದ್ಲ ಜಳಕ ಮಾಡಿ ಬರ್ತಾನ.”

ಮಗು ಬಿಕ್ಕಿ ಬಿಕ್ಕಿ ಅತ್ತಿತು. ಚಾಳಿನ ಬಚ್ಚಲಿನವರೆಗೂ ಆ ಅಳು ಕೇಳುತ್ತಿತ್ತು. ಉಸ್ಮಾನನೂ ಅತ್ತ. ಆದರೂ ಮೈತೊಳೆಯುವುದರಲ್ಲಿ ಅವಸರ ಮಾಡಲಿಲ್ಲ.

ಮುಂದಿನ ರಿಪೋರ್ಟಿನಲ್ಲಿ ಸೀಸ ಇಳಿದಿತ್ತು. ಪೂರಾ ಹೋಗಿಲ್ಲ, ಇನ್ನೂ ತೋರಿಸುತ್ತಲೇ ಇದ್ದಾರೆ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲಿ ಬ್ಯಾಟರಿ ಒಡೆಯುವ, ಗುಜರಿ ಸಾಮಾನಿನ ಅಥವಾ ಹಳೆಯ ಬಣ್ಣ ಕೆರೆಯುವ ಕೆಲಸದವರು ಇದ್ದಾರೆಯೇ? ಡಾಕ್ಟರು ಕೇಳಲಿ ಎಂದು ಕಾಯಬೇಡಿ, ನೀವೇ ಹೇಳಿ. ಮಗುವಿನ ರಕ್ತದಲ್ಲಿ ಸೀಸ ಇದೆಯೇ ನೋಡಿಸಿ. ನಮ್ಮ ಮಗು ಚೆನ್ನಾಗಿಯೇ ಇದೆಯಲ್ಲ ಎನ್ನಬೇಡಿ. ದಿಲನಾಜಳೂ ಚೆನ್ನಾಗಿಯೇ ಕಾಣುತ್ತಿದ್ದಳು.