ಕಹಳೆಯ ಗಂಟಲು

"ಕೈ ಒದ್ದೆ ಇಲ್ಲಲ್ಲಾ?" ಪರದೆಯ ಆಚೆಯಿಂದ ಸತೀಶ ಕೇಳಿದ. "ಒರೆಸ್ಕೊಂಡೇ ಮುಟ್ಟು. ಅದು ಇಟಲಿದು, ನಿನ್ನ ಕುಕ್ಕರಿನ ಸೀಟಿ ಅಲ್ಲ."

ದಮಯಂತಿ ಸೆರಗಿಗೆ ಕೈ ಒರೆಸಿಕೊಂಡಳು. ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ ಇಳಿಬಿಟ್ಟ ಚಾದರದ ಹಿಂದೆ ಅವಳು ಮಣೆ ಹಾಕಿಕೊಂಡು ಕುಳಿತಿದ್ದಳು. ಎದುರಿಗೆ, ಗಂಡ ಮೂರು ವರ್ಷಗಳಿಂದ ಪ್ಲೈವುಡ್ ಕೊಯ್ದು, ಅಂಟಿಸಿ, ಉಜ್ಜಿ ಇದೇ ಕೋಣೆಯಲ್ಲಿ ಕಟ್ಟಿದ ಸ್ಪೀಕರ್ ಕಹಳೆಯ ಹಿಂಭಾಗ. ಆ ಬದಿಗೆ ಆಕಳಿಸುವ ಎಮ್ಮೆಯಂತೆ ಬಾಯಿ ತೆರೆದಿದ್ದ ಅದು ಈ ಬದಿಗೆ ಬರುತ್ತ ಬರುತ್ತ ಸೊರಗಿ, ನಲ್ಲಿಯ ಮೂತಿಯಷ್ಟಾಗಿತ್ತು. ಆ ಗಂಟಲಿಗೆ ತಿರುಪಿ ಕೂರಿಸಬೇಕಾದ ವಸ್ತುವಿಗೆ ಡ್ರೈವರ್ ಎಂದು ಹೆಸರು. ದನಿ ಹುಟ್ಟುವುದು ಅದರಲ್ಲಿ. ಕಹಳೆ ಅದನ್ನು ದೊಡ್ಡದು ಮಾಡುತ್ತದೆ, ಅಷ್ಟೇ. ಅವಳ ಮಡಿಲಲ್ಲಿ ಅಂಥವು ಎರಡಿದ್ದವು. ಗಾತ್ರದಲ್ಲಿ ತೆಂಗಿನಕಾಯಿ, ಭಾರದಲ್ಲಿ ಗುಂಡುಕಲ್ಲು. ಒಂದು, ಸತೀಶ ಮುಂಬೈಯಿಂದ ತರಿಸಿದ ಇಟಲಿಯದು. ಇನ್ನೊಂದು, ಅವನ ಬಾಲ್ಯದ ಗೆಳೆಯ ಉಮೇಶ ತಾನು ಬಾಡಿಗೆಗೆ ಕೊಡುವ ಮೈಕ್ ಸೆಟ್ಟಿನಿಂದ ಬಿಚ್ಚಿ ತಂದ ದಿಲ್ಲಿಯದು.

ಹೆಣ್ಣು ನೋಡಲು ಹೋದವರೂ ಸತೀಶನಷ್ಟು ಐಬು ಹುಡುಕುವುದಿಲ್ಲ. ಅಮೆರಿಕದ್ದು ಕಿರುಚುತ್ತದೆ, ಚೀನಾದ್ದು ಡಬ್ಬಿ, ಜಪಾನಿನದು ಒಳ್ಳೆಯದು ಆದರೆ ಅದಕ್ಕೆ 'ಸ್ವಭಾವ' ಇಲ್ಲ. ಬಂದ ಡ್ರೈವರುಗಳನ್ನು ಉಪ್ಪುಗಾಳಿ ತಿನ್ನದಿರಲೆಂದು ಅವನು ಅಕ್ಕಿಯ ಡಬ್ಬಿಯಲ್ಲಿ ಹುಗಿದಿಟ್ಟ. ದಮಯಂತಿ ಅನ್ನಕ್ಕೆ ಅಕ್ಕಿ ತೆಗೆಯುವಾಗಲೆಲ್ಲ ಪಾವಿಗೆ ಅವುಗಳ ಅಯಸ್ಕಾಂತ ಅಂಟಿಕೊಳ್ಳುತ್ತಿತ್ತು. ಬ್ಯಾಂಕಿನ ಕೆಲಸ ಮುಗಿಸಿ ಕಾರವಾರದಿಂದ ಅಮದಳ್ಳಿಗೆ ಬಂದವನೇ ಚಹಾ ಕುಡಿಯುವ ಮೊದಲು ಊರವರ ಕಿವಿಗಳನ್ನು ಬಯ್ಯುತ್ತಿದ್ದ. ಅಂಕೋಲೆಯವರೆಗೆ ಹುಡುಕಿದರೂ ಕಿವಿ ಇರುವವನು ತಾನೊಬ್ಬನೇ, ಉಳಿದವರದ್ದು ತಗಡು. ಹನ್ನೆರಡು ವರ್ಷ ಗುರುವಿನ ಎದುರು ಕುಳಿತು ಹಾಡು ಕಲಿತ ಹೆಂಡತಿಗೂ ಅವನಲ್ಲಿ ವಿನಾಯಿತಿ ಇರಲಿಲ್ಲ. "ನಿಂಗೆ ಸ್ವರ ಗೊತ್ತು, ಸದ್ದು ಗೊತ್ತಿಲ್ಲ" ಎನ್ನುತ್ತಿದ್ದ.

ಇದನ್ನೆಲ್ಲ ದಮಯಂತಿ ಸಾರಿನಲ್ಲಿ ಸಿಕ್ಕಿದ ಮೀನಿನ ಮುಳ್ಳಿನಂತೆ ತಟ್ಟೆಯ ಅಂಚಿಗೆ ಸರಿಸಿ ಬದುಕಿದ್ದಳು. ಗೋಡೆಯ ಮಾತು ಬರುವ ತನಕ. ಇಟಲಿಯ ಡ್ರೈವರ್ ತನ್ನ ಗುಣ ತೋರಬೇಕಾದರೆ ಕೇಳುವವನು ದೂರ ಕೂರಬೇಕಂತೆ. ಈ ಹೊರಕೋಣೆಯ ಉದ್ದ ಸಾಲದಂತೆ. ಆದ್ದರಿಂದ ನಡುಗೋಡೆ ಬೀಳಬೇಕು. ಗೋಡೆಯ ಆಚೆಗಿದ್ದದ್ದು ದಮಯಂತಿಯ ಪುಟ್ಟ ಕೋಣೆ. ಅವಳ ತಂಬೂರಿ ಅಲ್ಲಿತ್ತು, ಸಂಜೆ ಅವಳಲ್ಲಿ ಕಲಿಯಲು ಬರುವ ಹುಡುಗಿಯರ ಚಾಪೆ ಅಲ್ಲಿತ್ತು. ಗೋಡೆ ಒಡೆಯಲು ಹುಲಿಯಾ ಗೌಡ ನಾಳೆ ಬೆಳಿಗ್ಗೆ ಹಾರೆ ಹಿಡಿದು ಬರುವವನಿದ್ದ.

ಅವಳ ಬೇಡಿಕೆಗೆ ಬಗ್ಗದವನು ಗೆಳೆಯನ ನಗೆಗೆ ಸಿಕ್ಕಿಬಿದ್ದ. "ಪರದೆ ಕಟ್ಟಿ ಕೇಳ್ಸಿದ್ರೆ ಇಟಲಿ ಯಾವ್ದು, ದಿಲ್ಲಿ ಯಾವ್ದು ಅಂತ ನಿಂಗೂ ಗೊತ್ತಾಗೂದಿಲ್ಲ" ಎಂದಿದ್ದ ಉಮೇಶ. "ಗೊತ್ತಾಗದಿದ್ರೆ ಕಹಳೆನೇ ಎತ್ಕೊಂಡು ಹೋಗು! ಬೇಲೆಕೇರಿ ಮದುವೆ ಚಪ್ಪರಕ್ಕೆ ಕಟ್ಟು!" ಎಂದು ಸತೀಶ ಸಿಡಿದಿದ್ದ. ಆ ಮಾತನ್ನು ನಂಬಿ ಉಮೇಶ ಅವರ್ಸಾದಿಂದ ಟೆಂಪೋವನ್ನೇ ತಂದು ಅಂಗಳದಲ್ಲಿ ನಿಲ್ಲಿಸಿದ್ದ. ಕಹಳೆಯೇ ಹೋದರೆ ಗೋಡೆ ಉಳಿಯುತ್ತದೆಂದು ದಮಯಂತಿಯೂ ಆಸೆಪಟ್ಟಿದ್ದಳು. ಪರದೆಯ ಹಿಂದೆ ಡ್ರೈವರ್ ಬದಲಿಸುವವರು ಯಾರು ಎಂಬ ಪ್ರಶ್ನೆ ಎದ್ದಾಗ ಸತೀಶ ಅವಳ ಎದುರಿನಲ್ಲೇ ಗೆಳೆಯನಿಗೆ ಹೇಳಿದ್ದ: "ಇವಳೇ ಆಗ್ಲಿ. ಮೋಸ ಮಾಡೂಕೂ ಬುದ್ಧಿ ಬೇಕಾಗ್ತದೆ."

"ತಯಾರಾ ವೈನಿ?" ಉಮೇಶ ಕೂಗಿದ.

ದಮಯಂತಿ ದಿಲ್ಲಿಯದನ್ನು ಗಂಟಲಿಗೆ ತಿರುಪಿ, ಎರಡು ವಯರು ಸಿಕ್ಕಿಸಿದಳು. "ಒಂದನೇದು" ಎಂದಳು. ಸತೀಶ ಫೋನಿನಲ್ಲಿ ಹಾಡು ಹಚ್ಚಿದ. ಹಳೆಯ ಗಾಯಕಿಯೊಬ್ಬಳ ಆಲಾಪ. ದನಿ ಧಡಕ್ಕನೆ ಹೊರಬಿತ್ತು. ಹಾಡಿನ ಹಿಂದಿನ ತಂಬೂರಿಯ ನಾಲ್ಕು ತಂತಿಗಳು ಹಳೇ ಬೆಲ್ಲದಂತೆ ಮುದ್ದೆಗಟ್ಟಿದ್ದವು. ಹಾಡು ನಿಂತಿತು. ಅವಳು ಅದನ್ನು ಬಿಚ್ಚಿ ಇಟಲಿಯದನ್ನು ಕೂರಿಸಿದಳು. "ಎರಡನೇದು."

ಈ ಸಲ ತಂತಿಗಳು ಬಿಡಿಬಿಡಿಯಾದವು. ಷಡ್ಜಕ್ಕೆ ಮೊದಲು ಗಾಯಕಿ ಎಳೆದುಕೊಂಡ ಉಸಿರು ಕೂಡ ಕೇಳಿಸಿತು. ಇದು ಅಕ್ಕಿ ಮತ್ತು ಮರಳಿನ ವ್ಯತ್ಯಾಸ. ಶಾಲೆಗೆ ಹೋಗದ ಮಗುವೂ ಹೇಳೀತು. ಉಮೇಶನ ಉಡಾಫೆಯ ಮೇಲೆ ತನ್ನ ಕೋಣೆಯನ್ನು ಒತ್ತೆಯಿಟ್ಟದ್ದಕ್ಕೆ ದಮಯಂತಿಗೆ ತನ್ನ ಮೇಲೇ ಹೇಸಿಗೆಯಾಯಿತು. ಗೋಡೆ ಬಿದ್ದಂತೆಯೇ.

ಹಾಡು ನಿಂತಿತು. ಸತೀಶ ಗಂಟಲು ಸರಿಪಡಿಸಿಕೊಂಡ.

"ಒಂದನೇದು ಇಟಲಿದು," ಎಂದ. "ದನಿ ಹೆಂಗೆ ಎದ್ದು ಮುಂದೆ ಬಂತು ನೋಡ್ದ್ಯಾ? ಎರಡನೇದು ನಿಂದು. ಸಪ್ಪೆ. ನೀರು ಹಾಕಿದ ಮಜ್ಜಿಗೆ."

ದಮಯಂತಿ ಗಂಟಲಲ್ಲಿದ್ದ ಡ್ರೈವರಿನ ಮೇಲಿನ ಹೆಸರನ್ನು ಮತ್ತೊಮ್ಮೆ ಓದಿದಳು. ಈಗ ಹೇಳಿದರೆ ಏನಾಗುತ್ತದೆಂಬುದು ಅವಳಿಗೆ ಗೊತ್ತಿತ್ತು. 'ನೀನೇ ಅದಲುಬದಲು ಮಾಡಿದ್ದಿ' ಎಂಬ ತೀರ್ಪು ಪರದೆ ಸರಿಯುವ ಮೊದಲೇ ಬರುತ್ತಿತ್ತು.

"ಖರೇನಾ?" ಉಮೇಶನ ದನಿಯಲ್ಲಿ ಸೋಲಿನ ಅಳುಕಿತ್ತು.

"ಇನ್ನೊಂದ್ಸಲ ಹಾಕು ದಮಯಂತಿ. ಒಂದು, ಆಮೇಲೆ ಎರಡು. ಇವನ ತಗಡಿಗೂ ತಿಳೀಲಿ."

ಅವಳು ಇಟಲಿಯದನ್ನು ಬಿಚ್ಚಿ, ದಿಲ್ಲಿಯದನ್ನು ತಿರುಪಿದಳು. ಆಲಾಪ ನುಡಿಯಿತು, ನಿಂತಿತು. ಅವಳು ದಿಲ್ಲಿಯದನ್ನು ಕಿರಿಕಿರಿ ಸದ್ದಾಗುವಂತೆ ಪೂರ್ತಿ ಬಿಚ್ಚಿದಳು. ಕ್ಷಣಹೊತ್ತು ಕೈಯಲ್ಲಿ ಹಿಡಿದಿದ್ದಳು. ಮಡಿಲಲ್ಲಿದ್ದ ಇಟಲಿಯದರ ಮೇಲೆ ಸೆರಗು ಎಳೆದು, ದಿಲ್ಲಿಯದನ್ನೇ ಮತ್ತೆ ಅದೇ ಗಂಟಲಿಗೆ, ಅದೇ ಸದ್ದಿನೊಡನೆ ತಿರುಪಿದಳು.

"ಎರಡನೇದು."

ಆಲಾಪ ಮತ್ತೆ ನುಡಿಯಿತು. ಅದೇ ಮುದ್ದೆ, ಅದೇ ಮರಳು. ಸತೀಶ ಹಾಡು ಮುಗಿಯುವವರೆಗೂ ಕಾಯಲಿಲ್ಲ.

"ಕೇಳ್ತಾ? ಕೇಳ್ತಾ? ಈಗ ತಂಬೂರಿ ಹಿಂದೆ ಸರೀತು. ಮೊದಲಿನದ್ರಲ್ಲಿ ಅವಳು ನಮ್ಮ ಎದ್ರು ಕೂತು ಹಾಡ್ತಿದ್ಳು; ಇದ್ರಲ್ಲಿ ಪಕ್ಕದ ಮನೇಲಿ ಕೂತು ಹಾಡ್ತಾಳೆ. ಮೇಲಿನ ಸ್ವರಕ್ಕೆ ಹೋದಾಗ ತಗಡು ಅದುರ್ತದೆ. ಇದು ಹೇಳ್ಕೊಟ್ಟು ಬರೂ ವಿದ್ಯೆ ಅಲ್ಲ ಮಾರಾಯಾ."

"ಹೌದಪ್ಪಾ," ಎಂದ ಉಮೇಶ ನಿಧಾನವಾಗಿ. "ನಂಗೂ ಈಗ ಸ್ವಲ್ಪ ಹಾಂಗೇ ಕೇಳ್ತು."

ಪರದೆಯ ಹಿಂದೆ ದಮಯಂತಿಗೆ ನಗು ಬರಲಿಲ್ಲ. ಮೂರು ವರ್ಷ ತಾನು ಎಂಥ ಕಿವಿಗೆ ಅಂಜಿ ಕುಳಿತಿದ್ದೆ ಎಂಬುದನ್ನು ಅವಳು ಹಣ್ಣಿಲ್ಲದ ಬಾಳೆಸಿಪ್ಪೆಯನ್ನು ನೋಡುವಂತೆ ನೋಡಿದಳು.

"ಹಾಡು ನಿಲ್ಲಿಸ್ಬೇಡಿ," ಎಂದಳು. "ಇಬ್ರೂ ಬಂದು ನೋಡಿ."

ಸತೀಶ ಚಾದರ ಎತ್ತಿ ಒಳಗೆ ಬಗ್ಗಿದ. ಕಹಳೆಯ ಗಂಟಲಲ್ಲಿ ದಿಲ್ಲಿಯದು ಹಾಡುತ್ತಿತ್ತು. ಅವನ ಮುಖ ಅರಳಿತು.

"ನೋಡು! ಎರಡನೇದು ದಿಲ್ಲಿದು! ಹೇಳಿದ್ನಾ ಇಲ್ವಾ? ಹೋಗು, ಟೆಂಪೋ ತಿರುಗ್ಸು."

"ಒಂದನೇದೂ ಅದೇ," ಎಂದಳು ದಮಯಂತಿ.

"ಯಾವ್ದು ಅದೇ?"

"ಈಗ ಎರಡೂ ಸಲ ಹಾಡಿದ್ದು ಅದೊಂದೇ. ಬಿಚ್ಚಿ ಅದನ್ನೇ ಹಾಕ್ದೆ." ಸೆರಗು ಸರಿಸಿದಳು. "ನಿಮ್ಮ ಇಟಲಿದು ಇಲ್ಲಿ ಮಲಗಿತ್ತು. ಅದು ಹಾಡಿದ್ದು ಒಂದೇ ಸಲ, ಮೊದಲ ಆಟದಾಗೆ. ನೀವು ಮಜ್ಜಿಗೆ ನೀರು ಅಂದ್ರಲ್ಲಾ, ಅವಾಗ."

ಆಲಾಪ ಮುಗಿದು ಕಹಳೆಯಿಂದ ಚಪ್ಪಾಳೆಯ ಸದ್ದು ಬಂತು. ಯಾರೂ ಅದನ್ನು ನಿಲ್ಲಿಸಲಿಲ್ಲ.

"ಸುಳ್ಳು," ಎಂದ ಸತೀಶ. "ಗೋಡೆ ಉಳಿಸ್ಕೊಳ್ಳೂಕೆ ಕಟ್ಟಿದ ಕತೆ."

ಉಮೇಶ ಅವನನ್ನು ನೋಡಿದ, ಅವಳನ್ನು ನೋಡಿದ. "ಮೋಸ ಮಾಡೂಕೆ ಬುದ್ಧಿ ಸಾಲೂದಿಲ್ಲ ಅಂತ ನೀನೇ ಹೇಳಿದ್ದಲ್ವೋ ಸತೀಶಾ? ನಾ ಅದ್ರ ಮೇಲೇ ಒಪ್ಪಿದ್ದು." ಆಮೇಲೆ ತಗ್ಗಿದ ದನಿಯಲ್ಲಿ, "ನಂಗೂ ಬೇರೆ ಕೇಳ್ತು ಅಂದ್ನಲ್ಲಾ, ಥೂ, ನನ್ನ ಕಿವಿಗೆ ಹಾರೆ ಹೊಡೀಬೇಕು" ಎಂದ.

ಸತೀಶ ಗಾಳಿ ಎಂದ, ಚಾದರ ದಪ್ಪ ಎಂದ, ಬೆಳಿಗ್ಗೆಯಿಂದ ನೆಗಡಿ ಎಂದ. ಒಂದೊಂದನ್ನೂ ಅವನೇ ಅರ್ಧಕ್ಕೆ ಬಿಟ್ಟ. ಕೊನೆಗೆ, "ಒಯ್ಯಿ. ಒಯ್ಯಬೇಕಾದ್ರೆ ಒಯ್ಯಿ," ಎಂದು ಗೋಡೆಗೆ ಒರಗಿದ.

ಉಮೇಶ ಕಹಳೆಯನ್ನು ಎಳೆದು ಬಾಗಿಲಿಗೆ ತಂದ. ನೆಟ್ಟಗೆ ಹಿಡಿದ, ಅಡ್ಡ ಹಿಡಿದ, ಓರೆ ಮಾಡಿದ. ಬಾಯಿ ಚೌಕಟ್ಟಿಗಿಂತ ಒಂದು ಗೇಣು ದೊಡ್ಡದಿತ್ತು. ಮೂರು ವರ್ಷ ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡು ತಿರುಗಿದವನು ಒಂದು ದಿನವೂ ಬಾಗಿಲನ್ನು ಅಳೆದಿರಲಿಲ್ಲ.

ಸತೀಶನ ಕಣ್ಣು ಮಿನುಗಿತು. "ನಾ ಹೇಳ್ಲಿಲ್ವಾ? ಗೋಡೆ ಒಡೀದೇ ಆಗೂದಿಲ್ಲ."

"ಆ ಗೋಡೆ ಒಡೆದ್ರೆ ವೈನಿ ಕೋಣೆಗೆ ಹೋಗ್ತದೆ ಮಾರಾಯಾ, ಅಂಗಳಕ್ಕಲ್ಲ."

ದಮಯಂತಿ ಹಿತ್ತಲಿಗೆ ಹೋಗಿ ಗರಗಸ ತಂದು ಉಮೇಶನ ಕೈಗೆ ಕೊಟ್ಟಳು. ಯಾರ ಮುಖವನ್ನೂ ನೋಡಲಿಲ್ಲ.

ಉಮೇಶ ಗರಗಸವನ್ನು ಕಹಳೆಯ ತುಟಿಗೆ ಹಚ್ಚಿ ಒಂದೆಳೆತ ಎಳೆದಿದ್ದನೋ ಇಲ್ಲವೋ, ಸತೀಶ ಧಾವಿಸಿ ಬಂದ. "ಅಲ್ಲಲ್ಲ! ಅಲ್ಲಿ ಕೊಯ್ದ್ರೆ ಸೀಳ್ತದೆ. ಅಂಟು ಹಾಕಿದಲ್ಲೇ ಕೊಯ್ಯಬೇಕು, ಈ ಗೆರೆ ಮೇಲೆ. ನಿಂಗೆ ಏನೂ ತಿಳಿಯೂದಿಲ್ಲ!" ಮಂಡಿಯೂರಿ ಕುಳಿತು, ಕೊಯ್ದ ತುಂಡು ನೆಲಕ್ಕೆ ಬೀಳದಂತೆ ಎರಡೂ ಅಂಗೈಗಳನ್ನು ಅದರ ಅಡಿಗೆ ಕೊಟ್ಟ. "ಈಗ ಎಳಿ. ನಿಧಾನ. ನಿಧಾನ ಅಂದೆ."

ಮರದ ಹುಡಿ ಅವನ ಕೂದಲಿನ ಮೇಲೆ, ರೆಪ್ಪೆಯ ಮೇಲೆ ಉದುರತೊಡಗಿತು. ದಮಯಂತಿ ತನ್ನ ಕೋಣೆಗೆ ಹೋಗಿ ಬಾಗಿಲನ್ನು ಮುಂದೆ ಮಾಡಿದಳು.