ಏಳನೇ ತಿರುವು

"ಲೇ ಮುಂಡೆ, ನಿಂತ್ಕಂಡು ಯಾವನ್ ದಾರಿ ನೋಡ್ತಿದ್ದೀಯೇ? ಬಾಂಡ್ಲಿ ಎತ್ತೇ!"

ಸೂಪರ್‌ವೈಸರ್ ಶಿವಕುಮಾರ ಬೈಯುತ್ತಲೇ ಇದ್ದ. ಕೆಂಪಿ ಅಲುಗಲಿಲ್ಲ. ತಿರುವಿನ ಅಂಚಿಗೆ ಚರಂಡಿ ತೋಡುತ್ತಿದ್ದ ಜೆಸಿಬಿ ಆಗಷ್ಟೇ ಬಗೆದು ಹಾಕಿದ ಕೆಮ್ಮಣ್ಣಿನೊಳಗಿಂದ ಒಂದು ತೊಡೆಮೂಳೆ ಹೊರಚಾಚಿತ್ತು.

ಕೋಟೆ ಸೀಮೆಯ ಆ ಬಯಲಲ್ಲಿ ಕಾರ್ ರೇಸಿನ ಟ್ರ್ಯಾಕು ಏಳುತ್ತಿತ್ತು. ದೇಶದೇಶದವರು ಬಂದು ಓಡಿಸುತ್ತಾರಂತೆ. ಹದಿನಾಲ್ಕು ತಿರುವು, ಏಳನೆಯದು ಪಕ್ಕದ ಗಿರಿಜನ ಹಾಡಿಯವರ ಮಸಣದ ಮೇಲೇ ಹಾದಿತ್ತು. ಹಿಂದಿನ ವರ್ಷ ಸರ್ವೆಗೆ ಬಂದವರ ಮುಂದೆ ಹಾಡಿಯ ಯಜಮಾನ ದೊಡ್ಡಬೊಮ್ಮ ಕೈಮುಗಿದು, "ಇಲ್ಲಿ ನಮ್ಮೋರು ಮಲಗವ್ರೆ ಸಾಮಿ" ಎಂದಿದ್ದ.

"ಸತ್ತೋರ ಹೆಸರಿಗೆ ಪಹಣಿ ಐತೇನಯ್ಯ?" ಎಂದು ಅಧಿಕಾರಿ ನಕ್ಕಿದ್ದ. ಕಾಗದದಲ್ಲಿ 'ಖಾಲಿ ಜಾಗ' ಎಂದಾಯಿತು. ತಲೆದೆಸೆಗೆ ನೆಟ್ಟ ಕಲ್ಲುಗಳನ್ನೆಲ್ಲ ಲಾರಿ ಹೊತ್ತೊಯ್ದಿತು.

ಹೊಟ್ಟೆಪಾಡಿಗೆ ಹಾಡಿಯವರೆಲ್ಲ ಅಲ್ಲೇ ಕೂಲಿಗೆ ನಿಂತ ಮೇಲೆ ಕೆಂಪಿಯ ಕಾಲುಗಳು ಅವಳ ಮಾತು ಕೇಳುತ್ತಿರಲಿಲ್ಲ. ಜಲ್ಲಿ ಹೊತ್ತು ಏಳನೇ ತಿರುವಿಗೆ ಬಂದರೆ ತಾವಾಗಿಯೇ ಸುತ್ತು ಹಾಕುತ್ತಿದ್ದವು. ಇಲ್ಲಿ ಅತ್ತೆ, ಅಲ್ಲಿ ಗಂಡ, ಅಂಚಿನಲ್ಲಿ ಮಗಳು ಶ್ಯಾಮಲಾ. ರೋಲರ್ ಉರುಳಿ ನೆಲ ಅದುರಿದರೆ ಒಳಗಿಂದ ಯಾರೋ ಅಂಗಾಲಿಗೆ ಬಡಿದಂತಾಗುತ್ತಿತ್ತು.

"ನಿಂಗೂ ಅಂಗೇ ಆಯ್ತದಾ?" ಎಂದು ಜೊತೆಯ ಕೂಲಿ ಕುಳ್ಳಮ್ಮನನ್ನು ಒಮ್ಮೆ ಕೇಳಿದ್ದಳು. ಕುಳ್ಳಮ್ಮ ಎಲೆಯಡಿಕೆ ಉಗಿದು ಎದ್ದುಹೋಗಿದ್ದಳು.

ಈಗ ಕೆಂಪಿ ಮಂಡಿಯೂರಿ ಮೂಳೆಯನ್ನು ಬಿಡಿಸಿಕೊಂಡು ಮಣ್ಣು ಒರೆಸತೊಡಗಿದಳು. ಇಂಜಿನಿಯರ್ ಚೇತನ್‌ಕುಮಾರ್ ಜೀಪಿನಿಂದ ಇಳಿದು ಬಂದ.

"ಏನ್ರೀ ಅದು?"

"ದನದ ಮೂಳೆ ಸಾರ್. ಭರ್ತಿಗೆ ಹಾಕ್ಸಿಬುಡ್ತೀನಿ," ಎಂದ ಶಿವಕುಮಾರ.

"ಬೇಗ ಹಾಕ್ಸಿ. ನಾಳೆ ಫಾರಿನ್ನೋರು ನೋಡೋಕೆ ಬರ್ತಾರೆ. ಇವಳಿಗೆ ಕೈ ತೊಳ್ಕೊಳ್ಳೋಕೆ ಹೇಳಿ, ಗಲೀಜು."

ಕೆಂಪಿ ಎದ್ದು ನಿಂತಳು. ಮೂಳೆಗೆ ಗೇಣುದ್ದದ ಉಕ್ಕಿನ ಪಟ್ಟಿ ಅಂಟಿಕೊಂಡಿತ್ತು. ಅದರಲ್ಲಿ ಆರು ಸ್ಕ್ರೂ. ಕೊಡಗಿನ ಕಾಫಿತೋಟಕ್ಕೆ ಆಳು ತುಂಬಿಕೊಂಡು ಹೋಗುತ್ತಿದ್ದ ಜೀಪು ಮಗುಚಿ ಶ್ಯಾಮಲಾಳ ತೊಡೆ ಮುರಿದಾಗ ಡಾಕ್ಟರು ಹಾಕಿದ್ದು. ಹಾಡಿಗೆ ಮರಳಿದ ಮೇಲೆ ಗಾಯ ಕೀವಾಗಿ, ಹತ್ತೊಂಬತ್ತರ ಹುಡುಗಿ ಜ್ವರದಲ್ಲೇ ಮುಗಿದುಹೋಗಿದ್ದಳು.

"ಸಾಮಿ, ದನುಕ್ಕೆ ಸ್ಕ್ರೂ ಹೊಡೀತಾರಾ?"

ಚೇತನ್‌ಕುಮಾರ್ ಮುಖ ತಿರುಗಿಸಿ ಶಿವಕುಮಾರನಿಗೆ ಮೆಲ್ಲಗೆ ಹೇಳಿದ: "ಯಾರೂ ಫೋಟೋ ತೆಗೀದಂಗೆ ನೋಡ್ಕೊಳ್ಳಿ."

ಶಿವಕುಮಾರ ಮೂಳೆಗೆ ಕೈ ಹಾಕಿದ. "ಕೊಡೇ ಇಲ್ಲಿ."

"ಮುಟ್ ನೋಡ್ಲಾ, ಸೂಳೆಮಗನೇ!"

ಅವನನ್ನು ಹಾಡಿಯವರು ಯಾರೂ ಹಾಗೆ ಬೈದಿರಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದ.

ಕೆಂಪಿ ಸೆರಗು ಹರಿದು ಮೂಳೆಯನ್ನು ಅದರಲ್ಲಿ ಸುತ್ತಿ, ಬಗೆದ ಗುಂಡಿಗೇ ಮತ್ತೆ ಇಳಿಸಿದಳು. ಕೈಯಲ್ಲೇ ಮಣ್ಣೆಳೆದು ಮುಚ್ಚಿ ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಳು.

"ನನ್ ಮಗ್ಳು ಇಲ್ಲವ್ಳೆ. ನಿಮ್ ಕಾರು ನನ್ ಮ್ಯಾಲೆ ಓಡ್ಲಿ."

ಕುಳ್ಳಮ್ಮ ಬಾಂಡ್ಲಿ ಇಳಿಸಿದಳು. ಹಾಸಿದ ಜಲ್ಲಿಯ ಮೇಲೆ ಕುರುಡಿಯಂತೆ ಕಾಲಾಡಿಸುತ್ತ ಹೋಗಿ ಒಂದು ಕಡೆ ನಿಂತಳು. "ನಮ್ಮವ್ವ," ಎಂದು ಅಲ್ಲೇ ಕುಳಿತಳು. ಅವಳ ಹಿಂದೆ ಮತ್ತೊಬ್ಬಳು. ಆಮೇಲೆ ಗಂಡಸರು. ಸಾಲಿಲ್ಲ, ಗುಂಪಿಲ್ಲ, ಒಬ್ಬರು ನಡುಟ್ರ್ಯಾಕಿನಲ್ಲಿ, ಇಬ್ಬರು ಚರಂಡಿಯಂಚಿನಲ್ಲಿ ಒತ್ತಿಕೊಂಡು, ಒಬ್ಬ ದೂರದ ಹುಲ್ಲಿನಲ್ಲಿ ಒಂಟಿಯಾಗಿ. ಯಾರ್ಯಾರು ಎಲ್ಲೆಲ್ಲಿ ಮಲಗಿದ್ದರೋ ಅವರವರ ಮೇಲೆ ಅವರವರ ಮನೆಯವರು.

"ರೋಲರ್ ಮುಂದಕ್ಕೆ ತಗೊಳ್ಳಯ್ಯ, ಏಳ್ತಾರೆ!" ಎಂದು ಚೇತನ್‌ಕುಮಾರ್ ಕಿರುಚಿದ.

ಡ್ರೈವರ್ ನಂಜುಂಡ ಹೊರಗಿನವನು. ರೋಲರ್ ಗುಡುಗುತ್ತ ಕುಳ್ಳಮ್ಮನಿಂದ ಮಾರು ದೂರಕ್ಕೆ ಬಂತು. ಅವಳು ಕಣ್ಣು ಮುಚ್ಚಿದಳು. ನಂಜುಂಡ ಅವಳನ್ನು ನೋಡಿದ, ತಾನು ಬೆಳಗಿನಿಂದ ರೋಲರ್ ಉರುಳಿಸಿದ ನೆಲ ನೋಡಿದ. ಇಂಜಿನ್ ಆರಿಸಿ ಇಳಿದ.

ಗೇಟಿನ ಕಾವಲು ಬಿಟ್ಟು ಬಂದ ಯಜಮಾನ ದೊಡ್ಡಬೊಮ್ಮ ಮಾತ್ರ ಇನ್ನೂ ಕುಳಿತಿರಲಿಲ್ಲ. ಅವನ ಹೆಂಡತಿ ಮಲಗಿದ್ದ ಕಡೆ ಆಗಲೇ ಡಾಂಬರು ಬಿದ್ದಿತ್ತು. ಕರಿ ಹಾಸಿನ ಮೇಲೆ ಬರಿಗಾಲಲ್ಲಿ ನಾಲ್ಕು ಹೆಜ್ಜೆ ಇಟ್ಟ, ನಿಂತ, ಇಲ್ಲಿ ಅಲ್ಲವೆಂದು ತಲೆಯಾಡಿಸಿದ, ತಿರುಗಿ ಬಂದ. ಮತ್ತೆ ಹೋದ.