ಹೆಂಗ ಬರತೈತಿ ಹಂಗ

"ತಡೀರಿ, ಎತ್ತಬ್ಯಾಡ್ರಿ!"

ಜನಾಜಾದ ಮಂಚಕ್ಕೆ ಹೆಗಲು ಕೊಡಲು ಬಗ್ಗಿದವರು ಹಾಗೆಯೇ ನಿಂತರು. ಬಾಗಿಲ ಪರದೆಯ ಹಿಂದಿನಿಂದ ಬಂದದ್ದು ತೀರಿಕೊಂಡ ಚಮನಸಾಬ ಮಾಸ್ತರರ ಹೆಂಡತಿ ಮೈಮುನಾಬಿಯ ದನಿ. ಒಳಗೆ ಹೆಂಗಸರ ಅಳುವೂ ಗಕ್ಕನೆ ನಿಂತಿತು.

ಆಗಷ್ಟೇ ಮಾಸ್ತರರ ತಮ್ಮ ಹನೀಫ್ ಅಂಗಳದಲ್ಲಿ ನಿಂತು, ರೂಢಿಯಂತೆ ಎಲ್ಲರನ್ನೂ ಕೇಳಿಕೊಂಡಿದ್ದ: "ನಮ್ಮ ಅಣ್ಣ ಯಾರದರೆ ಮನಸ ನೋಯಿಸಿದ್ರ ಮಾಫ್ ಮಾಡ್ರಿ." ಎಲ್ಲರೂ "ಮಾಫ್, ಮಾಫ್" ಅಂದಿದ್ದರು. ಬ್ಯಾಡಗಿ ಬಸ್‌ಸ್ಟ್ಯಾಂಡಿನ ಏಜೆಂಟ ಡಾಕಪ್ಪ ಮೂಗು ಒರೆಸಿಕೊಳ್ಳುತ್ತ, "ನನ್ನ ಕಿವಿ ಬಾಳ ಹಿಂಡ್ಯಾರ್ರಿ, ಹೋಗ್ಲಿ, ಅದನ್ನೂ ಬಿಟ್ಟೆ" ಅಂದಾಗ ನಾಲ್ಕು ಜನ ನಕ್ಕೂ ಇದ್ದರು.

"ಶೇಖಪ್ಪ ಬಂದಾನಲ್ಲ?" ಮೈಮುನಾಬಿ ಕೇಳಿದಳು. "ಅವ ಹೇಳಲಿ."

ಬೇವಿನ ಗಿಡದ ಕೆಳಗಿದ್ದ ಶೇಖಪ್ಪ ತಲೆ ಎತ್ತಿದ. ರಾಣೆಬೆನ್ನೂರಿನ ಬೀಜದ ಅಂಗಡಿಯ ಗೋದಾಮಿನಲ್ಲಿ ಚೀಲ ಹೊಲಿಯುತ್ತಿದ್ದವನು, ಸುದ್ದಿ ಕೇಳಿ ಸಿಕ್ಕ ಬಸ್ಸು ಹತ್ತಿ ಬಂದಿದ್ದ. ಓದಿದ್ದು ಬಿ.ಕಾಂ. ಗಿರಾಕಿಗಳೆದುರು ನಿಂತು ಮಾತಾಡುವ ಕೆಲಸ ಬೇಡವೆಂದು ತಾನೇ ಕೇಳಿ ಹಿಂದಿನ ಗೋದಾಮಿಗೆ ಹೋದವನು.

*

ಮಾಸ್ತರರ ಟ್ಯೂಶನ್ ನಡೆಯುತ್ತಿದ್ದುದು ಇದೇ ಅಂಗಳದಲ್ಲಿ. ಪೇಟೆಯಿಂದ ಬರುವ ಮೆಣಸಿನಕಾಯಿಯ ಘಾಟಿಗೆ ಕೆಮ್ಮುತ್ತ ಕೆಮ್ಮುತ್ತಲೇ ಹುಡುಗರು ಇಂಗ್ಲಿಷ್ ಹೇಳಬೇಕು.

"ತಪ್ಪಾದ್ರ ಆಗಲಿ, ಒದರಿ ಹೇಳು! ಸಣ್ಣ ದನಿಯೊಳಗ ಹೇಳಿದ್ದು ಸರಿ ಇದ್ರೂ ತಪ್ಪ!"

ಮನೆಯಲ್ಲಿ ಉರ್ದು ಆಡುವ ಮಾಸ್ತರರ ಬಾಯಲ್ಲಿ ಸ್ಕೂಲು ಇಸ್ಕೂಲು, ಸ್ಪೀಕು ಇಸ್ಪೀಕು. ಅವರಲ್ಲಿ ಕಲಿತ ಗೌಡರ ಮಕ್ಕಳು, ಕುರುಬರ ಮಕ್ಕಳು, ಎಲ್ಲರದೂ ಅದೇ ಇಂಗ್ಲಿಷು. ಎಲ್ಲರಿಗಿಂತ ಜೋರು ದನಿ ಶೇಖಪ್ಪನದು.

ಅದೇ ಜೋರಿನಲ್ಲಿ ಅವನು ಬೆಂಗಳೂರಿನ ಕಂಪನಿಯೊಂದರ ಇಂಟರ್‌ವ್ಯೂಗೆ ಹೋದ. "ಐ ಇಸ್ಪೀಕ್ ಗುಡ್ ಇಂಗ್ಲಿಷ್ ಸರ್" ಅಂದ. ಅವರು ಇನ್ನೊಮ್ಮೆ ಹೇಳಿಸಿದರು. ಪಕ್ಕದ ಕೋಣೆಯವರನ್ನು ಕರೆದು ಮತ್ತೊಮ್ಮೆ ಹೇಳಿಸಿದರು. ಮೆಚ್ಚಿದ್ದಾರೆಂದು ತಿಳಿದು ಶೇಖಪ್ಪ ಇನ್ನೂ ಜೋರಾಗಿ ಹೇಳಿದ. ಅವರು ಮೇಜು ಬಡಿದು ನಗತೊಡಗಿದಾಗ ಅವನಿಗೆ ತಿಳಿಯಿತು.

ತಿರುಗಿ ಬಂದವನೇ, ಹುಡುಗರೆದುರಿಗೇ ಕೇಳಿದ: "ಸರ್, ನಿಮಗ ಬರೂದಿಲ್ಲ ಅಂದಮ್ಯಾಲೆ ನಮಗ್ಯಾಕ ಕಲಿಸಿದ್ರಿ?"

ಮಾಸ್ತರರು ಅಂದೇ ಟ್ಯೂಶನ್ ಬಿಟ್ಟರು, ಶೇಖಪ್ಪ ಇಂಗ್ಲಿಷ್ ಬಿಟ್ಟ. ಆಮೇಲೆ ಮಾಸ್ತರರು ರೇಡಿಯೋದ ಇಂಗ್ಲಿಷ್ ವಾರ್ತೆಗೆ ಕಿವಿಗೊಟ್ಟು ಕೂತು, ಗೊಣಗಿ ಗೊಣಗಿ ನಾಲಿಗೆ ತಿದ್ದಿಕೊಳ್ಳಲು ನೋಡಿದರು. ಆ ವಯಸ್ಸಿಗೆ ಅದೆಲ್ಲಿ ತಿರುಗಬೇಕು? ಅವನನ್ನು ಕಾಣಲು ರಾಣೆಬೆನ್ನೂರಿಗೂ ಹೋಗಿದ್ದರು. ಅವರು ಬರುವುದನ್ನು ಕಂಡು ಶೇಖಪ್ಪ ಗೋದಾಮಿನ ಬಾಗಿಲು ಮುಂದೆ ಮಾಡಿಕೊಂಡು ಒಳಗೇ ಉಳಿದಿದ್ದ.

*

"ಅವ್ವಾರ, ನನಗೇನೂ ಸಿಟ್ಟಿಲ್ರಿ. ಮಾಫ್ ಮಾಡೇನ್ರಿ" ಅಂದ ಶೇಖಪ್ಪ.

"ಕನ್ನಡದಾಗ ಬ್ಯಾಡಪಾ." ಮೈಮುನಾಬಿಯ ಕೈ ಪರದೆಯ ಅಂಚು ಹಿಡಿಯಿತು. "ಹುಡುಗನ ನಾಲಿಗಿ ನಾನ ಕೊಂದೆ ಅಂತ ಅವರು ನಿನ್ನಿ ಮಟಾ ಅಂದಾರ. ಸತ್ತಿಲ್ಲ ಅಂತ ತೋರಿಸಿ ಕಳಸು. ಇಂಗ್ಲಿಷಿನ್ಯಾಗ ಏನರೆ ಒಂದ ಮಾತ ಹೇಳು. ಹೆಂಗ ಬರತೈತಿ ಹಂಗ."

"ಭಾಬಿ, ನಮಾಜಿನ ಹೊತ್ತಾತು" ಅಂದ ಹನೀಫ್.

"ಆಗಲಿ. ಇಷ್ಟು ದಿನ ಅವರು ಕಾದಾರ, ನೀವೊಂದು ಗಳಿಗಿ ಕಾಯ್ರಿ."

ಡಾಕಪ್ಪ ಶೇಖಪ್ಪನ ಬೆನ್ನಿಗೆ ಕೈ ಹಚ್ಚಿದ. "ಅನ್ನಲೇ, ಥ್ಯಾಂಕ್ಯೂ ಸರ್ ಅನ್ನು, ಸಾಕು. ಇಲ್ಲಿ ನಗಾವ್ರು ಯಾರದಾರ? ಎಲ್ಲಾರೂ ಅದ ಇಸ್ಕೂಲಿನವ್ರು."

ಶೇಖಪ್ಪ ಮುಂದೆ ಬಂದು ಬಿಳಿಯ ಬಟ್ಟೆಯ ಹತ್ತಿರ ಬಗ್ಗಿದ. ಬಾಯಿ ತೆರೆದ. ಕೊರಳಿನ ನರ ಉಬ್ಬಿತು. ಅಂಗಳದಲ್ಲಿದ್ದ ಹಳೆಯ ಹುಡುಗರೆಲ್ಲ, ಕೂಸಿಗೆ ತುತ್ತು ಕೊಡುವವರ ಹಾಗೆ, ತಾವೂ ಬಾಯಿ ತೆರೆದು ನಿಂತರು. ಬಂದದ್ದು ಬರೀ ಉಸಿರು.

ಪರದೆಯ ಅಂಚು ಹಿಡಿದಿದ್ದ ಕೈ ಮೆಲ್ಲಗೆ ಒಳಗೆ ಹೋಯಿತು. ಹನೀಫ್ ಕಣ್ಸನ್ನೆ ಮಾಡಿದ. ಜನಾಜಾ ಎದ್ದಿತು.

ಕಬರಸ್ತಾನದಲ್ಲಿ ಎಲ್ಲರೂ ಹಿಡಿ ಹಿಡಿ ಮಣ್ಣು ಹಾಕಿ, ಕೈ ಕೊಡವಿಕೊಂಡು ಸರಿದರು. ಶೇಖಪ್ಪ ಮಾತ್ರ ಗುಣಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತೇ ಇದ್ದ. ಆ ಒಂದು ಮಾತಿಗೆ ತುಟಿಗಳು ಇನ್ನೂ ಅಲ್ಲಾಡುತ್ತಿದ್ದವು. ಸಲಿಕೆ ಹಿಡಿದವನು ಸ್ವಲ್ಪ ಹೊತ್ತು ಅವನ ಬಾಯನ್ನೇ ನೋಡುತ್ತ ನಿಂತ. ಆಮೇಲೆ ಅವನ ಕಾಲ ಸುತ್ತಲಿನ ಮಣ್ಣನ್ನಷ್ಟೇ ಬಿಟ್ಟು, ಆಚೆ ಕಡೆಯಿಂದ ಗುಣಿಗೆ ಎಳೆಯತೊಡಗಿದ.